ಗಂಟಲಿಗೆ ರಜೆ

ಸೋಮವಾರ, ಫೆಬ್ರವರಿ ೨

ಇವತ್ತಿನಿಂದ ನನ್ನ ಬಾಯಿಗೆ ಬೀಗ. ಗಂಟಲಿನ ಡಾಕ್ಟರು ಮೂಗಿನೊಳಗಿಂದ ಹುಳದಂಥ ಕ್ಯಾಮೆರಾ ಇಳಿಸಿ, ಧ್ವನಿ ಹೊರಡುವ ಎರಡು ಎಳೆಗಳನ್ನು ಪರದೆಯ ಮೇಲೆ ನನಗೇ ತೋರಿಸಿದರು. ಎರಡರ ಮೇಲೂ ಸಾಸಿವೆ ಕಾಳಿನಂಥ ಗಂಟು. "ಒಂದು ತಿಂಗಳು ಮಾತು ಬಂದ್. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಕೇಳ್ಲಿಲ್ಲ ಅಂದ್ರೆ ಆಪರೇಷನ್. ಆಮೇಲೆ ಇದೇ ಧ್ವನಿ ವಾಪಸ್ ಬರುತ್ತೆ ಅಂತ ನಾನು ಹೇಳೋಕಾಗಲ್ಲ" ಅಂದರು. "ಅಲ್ಲ ಡಾಕ್ಟ್ರೇ" ಅನ್ನಲು ಬಾಯಿ ತೆರೆದೆ. ಮಗುವನ್ನು ಸುಮ್ಮನಿರಿಸುವ ಹಾಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ನನ್ನ ವಯಸ್ಸಿಗಾದರೂ ಒಂದು ಮರ್ಯಾದೆ ಬೇಡವೇ!

ತರಕಾರಿ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವವನಿಗೆ ಮಾತಾಡಬೇಡ ಎನ್ನುವುದೆಂದರೆ, ಮೀನಿಗೆ ಒಂದು ತಿಂಗಳು ದಡದ ಮೇಲೆ ವಿಶ್ರಾಂತಿ ತಗೋ ಎಂದ ಹಾಗೆ. ನನ್ನನ್ನು ಅಲ್ಲಿ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಎಲ್ಲರಿಗೂ ನಾನು ಕಹಳೆಯಣ್ಣ. ಮೈಕು ತಂದು ಕೊಟ್ಟಾಗಲೂ ಬೇಡವೆಂದವನು. ಟೊಮ್ಯಾಟೊ ಲಾರಿಯ ಹತ್ತಿರ ನಿಂತು ಬೆಲೆ ಕೂಗಿದರೆ, ಆಚೆ ಗೇಟಿನ ಹತ್ತಿರ ಟೀ ಕುಡಿಯುತ್ತಿರುವವನು ಅಲ್ಲಿಂದಲೇ ಕೈ ಎತ್ತಬೇಕು. ಹಾಗೆ ದುಡಿದ ಗಂಟಲು ಇದು.

ಮಗಳು ಬಂದು ಈ ಡೈರಿ ಕೊಟ್ಟುಹೋದಳು. "ಹೊಟ್ಟೇಲಿರೋದನ್ನ ಇದರಲ್ಲಿ ಬರೀರಿ ಅಪ್ಪ, ಇಲ್ಲಾಂದ್ರೆ ಸಿಡಿದು ಹೋಗ್ತೀರಿ" ಅಂದಳು. ಅವಳಮ್ಮ ನಕ್ಕಳು. ನಗುವಂಥದ್ದು ಏನಿತ್ತೋ ನನಗೆ ತಿಳಿಯಲಿಲ್ಲ.

ಬುಧವಾರ, ಫೆಬ್ರವರಿ ೪

ಮಾರುಕಟ್ಟೆಗೆ ಹೋಗಿ ಬಂದೆ. ಹೋಗಬಾರದಿತ್ತು. ನನ್ನ ಜಾಗದಲ್ಲಿ ತೂಕದವನನ್ನು ನಿಲ್ಲಿಸಿದ್ದಾರೆ. ಕೈಯಲ್ಲಿ ಮೈಕು. ಎಲೆಕೋಸಿನ ಬೆಲೆಯನ್ನು ಸಾವಿನ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದ. ಆದರೂ ಮಾಲೆಲ್ಲ ಖಾಲಿಯಾಯಿತು. ಅದೇ ನನಗೆ ಚುಚ್ಚಿದ್ದು.

ನನಗೆ ಮಾತು ಬಾರದು ಎಂದು ಕೇಳಿದವರೆಲ್ಲ ಕಿವಿಯೂ ಕೇಳಿಸದು ಎಂದುಕೊಂಡಿದ್ದಾರೆ. ಈರುಳ್ಳಿ ವ್ಯಾಪಾರಿಯೊಬ್ಬ ನನ್ನ ಮುಖದ ಹತ್ತಿರ ಬಂದು "ಊಟ ಆಯ್ತಾ?" ಎಂದು ಕಿರುಚಿ, ಕೈಯನ್ನು ಬಾಯಿಗೆ ಒಯ್ದು ತೋರಿಸಿದ. ಸುತ್ತಲಿದ್ದವರು ನಕ್ಕರು. ತಲೆ ತಗ್ಗಿಸಿಕೊಂಡು ಮನೆಗೆ ಬಂದೆ. ಗಂಡಸಿನ ಗಂಟಲು ಹೋದರೆ ಅವನಿಗೆ ಮಿಕ್ಕುವುದೇನು?

ಮನೆಯಲ್ಲಿ ಏನಾದರೂ ಬೇಕಾದರೆ ಸ್ಟೀಲಿನ ಲೋಟವನ್ನು ಮೇಜಿಗೆ ಕುಟ್ಟುತ್ತೇನೆ. ಒಂದು ಸಲ ಕುಟ್ಟಿದರೆ ನೀರು, ಎರಡು ಸಲ ಕುಟ್ಟಿದರೆ ಬಾ ಎಂದು. ಹೆಂಡತಿ ಬೇಗ ಕಲಿತುಕೊಂಡಳು.

ಶನಿವಾರ, ಫೆಬ್ರವರಿ ೭

ಇವಳ ಧೈರ್ಯ ನೋಡಿ! ನನ್ನ ಬಾಯಿ ಕಟ್ಟಿರುವ ಸಮಯ ನೋಡಿ ಮನೆಗೆ ನಾಯಿ ತಂದಿದ್ದಾಳೆ.

ನನ್ನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಉಳಿದ ಬಟ್ಟೆಯ ತುಂಡುಗಳಲ್ಲಿ ಬೀದಿನಾಯಿಗಳ ಆಶ್ರಯಕ್ಕೆ ಹಾಸಿಗೆ ಹೊಲಿದು ಕೊಡುತ್ತಿದ್ದಾಳಂತೆ, ಒಂದು ವರ್ಷದಿಂದ. ನನಗೆ ಇವತ್ತು ಗೊತ್ತಾಯಿತು. ಆ ಆಶ್ರಯದಲ್ಲಿ ಜಾಗವಿಲ್ಲವಂತೆ, ಇದಕ್ಕೊಂದು ಮನೆ ಸಿಗುವವರೆಗೆ ನಮ್ಮಲ್ಲಿ ಇರಲಿ ಎಂದಳಂತೆ. ಕೇಳಿದ್ದು ಅವರು, ಒಪ್ಪಿದ್ದು ಇವಳು, ನಡುವೆ ನಾನೊಬ್ಬ ಲೆಕ್ಕಕ್ಕಿಲ್ಲ.

ನಾಯಿ ಎನ್ನುವುದಕ್ಕೂ ಸಂಕೋಚ, ಅಷ್ಟು ಸಣ್ಣದು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿದೆ. "ಒಂದು ಚಿಟಿಕೆಯಷ್ಟಿದೆ" ಎಂದು ಇವಳು ಅದಕ್ಕೆ ಚಿಟಿಕೆ ಎಂದೇ ಹೆಸರಿಟ್ಟಿದ್ದಾಳೆ. ಮಾತಿಗೆ ಬದಲು ಇಟ್ಟುಕೊಂಡಿರುವ ಸ್ಲೇಟಿನ ಮೇಲೆ ದೊಡ್ಡದಾಗಿ ಬೇಡ ಎಂದು ಬರೆದು ತೋರಿಸಿದೆ. ಇವಳು ಓದಿ, "ಮನೆ ಸಿಗೋವರೆಗೆ ಅಷ್ಟೇ ರೀ" ಅಂದಳು. ನಾನು ಲೋಟ ಎತ್ತಿ ಮೇಜಿಗೆ ಬಡಿದೆ. ನಾಯಿ ಹೊಲಿಗೆ ಮೆಷಿನ್ನಿನ ಕೆಳಗೆ ನುಗ್ಗಿತು. ಹೋದ ದಾರಿಯಲ್ಲೆಲ್ಲ ಉಚ್ಚೆ.

ಇವಳು ಒರೆಸುತ್ತಾ ಹೇಳಿದಳು: "ಅದನ್ನ ಸಾಕಿದವರು ಒಂದು ಏಟೂ ಹೊಡೆದಿಲ್ಲವಂತೆ. ಬರೀ ಕೂಗಾಡ್ತಿದ್ರಂತೆ. ಅಕ್ಕಪಕ್ಕದವರು ತಡೀಲಾರದೆ ಆಶ್ರಯಕ್ಕೆ ಫೋನ್ ಮಾಡಿದ್ರು. ತಾಳ್ಮೆ ಇರೋ ಮನೆ ಸಿಗೋವರೆಗೆ ಕಾಯ್ತಿದ್ದಾರೆ. ನೀವು ಲೋಟ ಕುಟ್ಟಬೇಡಿ."

ಕುಟ್ಟಬೇಡಿ! ಮದುವೆಯಾದಾಗಿನಿಂದ ಇವಳು ನನಗೆ ಏನನ್ನಾದರೂ ಮಾಡಬೇಡಿ ಎಂದದ್ದು ನೆನಪಿಲ್ಲ. ಅದಿರಲಿ, ಕೂಗಿದರೆ ಏನಾಗುತ್ತದಂತೆ? ಸವೆದು ಹೋಗುತ್ತದೆಯೇ? ಹೊಡೆದರೆ ಹೇಳಿ, ಒಪ್ಪುತ್ತೇನೆ. ಬರೀ ಕೂಗಿದ್ದಕ್ಕೆ ಇಷ್ಟು ರಾದ್ಧಾಂತ.

ಗುರುವಾರ, ಫೆಬ್ರವರಿ ೧೨

ನನ್ನ ಬಾಯಿ ಮುಚ್ಚಿದ್ದೇ ತಡ, ಇವಳಿಗೆ ಬಾಯಿ ಬಂದಿದೆ. ಬೆಳಗಿನಿಂದ ಸಂಜೆಯವರೆಗೆ ವಟವಟ. ಪಕ್ಕದ ಮನೆಯವಳ ರವಿಕೆಯ ಅಳತೆ, ಮೆಷಿನ್ನಿನ ಬೆಲ್ಟು, ಚಿಕ್ಕವಳಿದ್ದಾಗ ಮರದಿಂದ ಬಿದ್ದದ್ದು. ಇವಳು ಮರ ಹತ್ತುತ್ತಿದ್ದಳು ಎನ್ನುವುದೇ ನನಗೆ ಹೊಸ ಸುದ್ದಿ. ಕೇಳದೆ ಬೇರೆ ದಾರಿಯಿಲ್ಲ, ಎದ್ದು ಹೋದರೆ ನಾಯಿ ಬೆಚ್ಚುತ್ತದೆ.

ಮಗಳೂ ಈಚೆಗೆ ದಿನಕ್ಕೊಮ್ಮೆ ಬರುತ್ತಿದ್ದಾಳೆ. ಮೊದಲು ತಿಂಗಳಿಗೊಮ್ಮೆ ಬಂದರೂ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೋಗುತ್ತಿದ್ದವಳು, ನಿನ್ನೆ ಊಟ ಮಾಡಿ, ನೆಲದ ಮೇಲೆ ಮಲಗಿ ನಿದ್ದೆಯನ್ನೂ ಮಾಡಿದಳು. ಎದ್ದು, "ನಮ್ಮ ಮನೆ ಎಷ್ಟು ತಣ್ಣಗಿದೆಯಮ್ಮ ಈಗ" ಅಂದಳು. ನಾಯಿಯ ಮೇಲಿನ ಪ್ರೀತಿ ಇರಬೇಕು.

ಲೋಟ ಕುಟ್ಟುವುದನ್ನು ಬಿಟ್ಟಿದ್ದೇನೆ. ಇವಳು ಹೇಳಿದಳೆಂದಲ್ಲ. ಪ್ರತಿ ಸಲ ನೆಲ ಒರೆಸುವ ವಾಸನೆ ತಡೆಯಲಾಗದು, ಅದಕ್ಕೆ.

ಮಂಗಳವಾರ, ಫೆಬ್ರವರಿ ೧೭

ಸೊಂಟ ಹಿಡಿದುಕೊಂಡಿತ್ತೆಂದು ಮಧ್ಯಾಹ್ನ ನೆಲದ ಮೇಲೆ ಅಂಗಾತ ಮಲಗಿದ್ದೆ. ಇವಳು ಹೊಲಿದದ್ದನ್ನು ಕೊಡಲು ಹೋಗಿದ್ದಳು. ಮೆಷಿನ್ನಿನ ಕೆಳಗಿನಿಂದ ಚಿಟಿಕೆ ಮೂಗು ಹೊರಗಿಟ್ಟಿತು. ಎರಡು ಹೆಜ್ಜೆ ಬಂತು, ಹಿಂದೆ ಹೋಯಿತು. ಮತ್ತೆ ಬಂತು. ನನ್ನ ಹೆಬ್ಬೆರಳನ್ನು ಮೂಸಿತು. ತಣ್ಣಗಿನ ಮೂಗು. ನಾನು ಉಸಿರು ಬಿಗಿಹಿಡಿದೆ. ಆಮೇಲೆ ಅದು ನನ್ನ ಮೊಣಕಾಲಿಗೆ ಬೆನ್ನು ಆನಿಸಿ ಮಲಗಿತು.

ಗಂಟಲು ಸರಿಯಿದ್ದಿದ್ದರೆ "ಬಾರೋ ಇಲ್ಲಿ!" ಎಂದು ಒಂದು ಕೂಗು ಹಾಕುತ್ತಿದ್ದೆ, ಪ್ರೀತಿಯಿಂದಲೇ. ಅಲ್ಲಿಗೆ ಮುಗಿಯುತ್ತಿತ್ತು ಕಥೆ.

ಇವಳು ಬಂದು ಬಾಗಿಲಲ್ಲೇ ನಿಂತು ನೋಡಿದಳು. ನನಗೆ ಯಾಕೋ ನಾಚಿಕೆಯಾಗಿ ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ನಟಿಸಿದೆ.

ಭಾನುವಾರ, ಫೆಬ್ರವರಿ ೨೨

ಇವತ್ತಿನದನ್ನು ಬರೆಯುವುದೋ ಬೇಡವೋ ಎಂದು ಎರಡು ಸಲ ಪೆನ್ನು ಮುಚ್ಚಿಟ್ಟೆ.

ಆಶ್ರಯದ ಮೇಡಂ ನಾಯಿ ನೋಡಲು ಬಂದಿದ್ದರು. ಗಿಡ್ಡ ಕೂದಲು, ದೊಡ್ಡ ಬ್ಯಾಗು, ಎಲ್ಲವನ್ನೂ ಕಣ್ಣಲ್ಲೇ ಅಳೆಯುವ ಹೆಂಗಸು. ಅವರು ಬಂದಾಗ ಚಿಟಿಕೆ ನನ್ನ ಕಾಲ ಮೇಲೆ ತಲೆಯಿಟ್ಟುಕೊಂಡು ಮಲಗಿತ್ತು. ಅವರು ಬಾಗಿಲಲ್ಲೇ ನಿಂತುಬಿಟ್ಟರು. "ಗಂಡಸರ ಹತ್ತಿರ ಇದು ಹೋಗಿದ್ದನ್ನ ನಾನು ನೋಡೇ ಇಲ್ಲ. ನಿಮ್ಮಂಥ ಸಮಾಧಾನದ ಮನುಷ್ಯರು ಅಪರೂಪ ಸರ್" ಅಂದರು. ಗಂಟಲಿಗೆ ಸ್ವಲ್ಪ ತೊಂದರೆ, ಅದಕ್ಕೆ ಮಾತು ಕಡಿಮೆ ಎಂದು ಹೆಂಡತಿ ಹೇಳಿದಳು. ಮೇಡಂ ಅದಕ್ಕೂ ತಲೆದೂಗಿದರು.

ಇದಕ್ಕಾಗಿ ಒಬ್ಬರು ಕೇಳುತ್ತಿದ್ದಾರಂತೆ, ನಿವೃತ್ತ ನರ್ಸ್, ಒಂಟಿಯಾಗಿರುವವರು. "ಆದ್ರೆ ಇಲ್ಲಿ ಇಷ್ಟು ಹೊಂದಿಕೊಂಡಿರೋದನ್ನ ಎಬ್ಬಿಸೋಕೆ ಮನಸ್ಸು ಬರ್ತಿಲ್ಲ" ಎಂದು ಮೇಡಂ ಅಂದದ್ದೇ ತಡ, ಇವಳು ಕೇಳಿಯೇಬಿಟ್ಟಳು: "ನಾವೇ ಇಟ್ಕೊಳ್ಳಬಹುದಾ ಮೇಡಂ?" ಅವಳು ಹಾಗೆ ಆಸೆಪಟ್ಟು ಏನನ್ನಾದರೂ ಕೇಳಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಮೇಡಂ ಒಂದೇ ಪ್ರಶ್ನೆ ಕೇಳಿದರು. "ಜಾಗ ಇದೆಯಾ, ಏನು ಹಾಕ್ತೀರಿ, ಅದೆಲ್ಲ ಆಮೇಲೆ. ಮನೇಲಿ ಯಾರಾದ್ರೂ ಕೂಗಾಡ್ತಾರಾ? ನನಗೆ ಇದೊಂದೇ ಮುಖ್ಯ. ಇನ್ನೊಂದು ಸಲ ನಂಬಿಕೆ ಮುರಿದ್ರೆ ಇದು ಯಾರ ಹತ್ರಾನೂ ಬರಲ್ಲ."

ನನ್ನ ಹೆಂಡತಿ ನನ್ನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದಳು. "ಇಲ್ಲ ಮೇಡಂ. ನಮ್ಮೆಜಮಾನ್ರು ಗಟ್ಟಿಯಾಗಿ ಮಾತಾಡೋರೇ ಅಲ್ಲ" ಅಂದಳು.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮೇಡಂ ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ, ಹಲ್ಲು ಬಿಟ್ಟುಕೊಂಡು. ಹೌದು ಎಂದು ತಲೆಯನ್ನೂ ಆಡಿಸಿದೆನೋ ಏನೋ. ಡಾಕ್ಟರು ಔಷಧಿಯೆಂದು ಹೇರಿದ ಮೌನವನ್ನು ನನ್ನ ಗುಣವೆಂದು ಹೊಗಳಿಸಿಕೊಂಡೆ.

ಶನಿವಾರ, ಫೆಬ್ರವರಿ ೨೮

ಆ ನರ್ಸಮ್ಮ ಬಂದಿದ್ದರು. ಇನ್ನೂ ಏನೂ ತೀರ್ಮಾನವಾಗಿಲ್ಲ, ಒಮ್ಮೆ ನೋಡಲಿ ಎಂದು ಮೇಡಂ ಕಳಿಸಿದ್ದು. ಬಂದವರು ನಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ಅದಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕುಳಿತರು. ಚೀಲದಿಂದ ಹಸಿಬಟಾಣಿ ತೆಗೆದು ಸುಲಿಯತೊಡಗಿದರು. "ಆಸ್ಪತ್ರೇಲಿ ಅಳೋ ಮಕ್ಕಳ ಹತ್ರನೂ ನಾನು ಹೀಗೇ ಕೂರ್ತಿದ್ದೆ. ಅವರೇ ಬರಬೇಕು, ನಾವು ಹೋಗಬಾರದು" ಅಂದರು. ಬಟಾಣಿಯೆಲ್ಲ ಸುಲಿದು ಮುಗಿಯಿತು. ಚಿಟಿಕೆ ಮೆಷಿನ್ನಿನ ಕೆಳಗಿಂದ ಹೊರಗೆ ಬರಲಿಲ್ಲ. "ಇವತ್ತು ಬರಲಿಲ್ಲ, ಅದರಲ್ಲೇನಿದೆ" ಎಂದು ನಗುತ್ತಾ ಎದ್ದು ಹೋದರು.

ಅವರು ಹೋದ ಮೇಲೆ ಹೆಂಡತಿ, "ನೋಡಿದ್ರಾ, ಅವರ ಹತ್ರ ಹೋಗಲೇ ಇಲ್ಲ. ಅದಕ್ಕೆ ನಾವೇ ಬೇಕು" ಅಂದಳು. ಗೆದ್ದವಳ ಹಾಗೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತಾ ಏನೋ ಗುನುಗಿದಳು. ಇವಳಿಗೆ ಹಾಡು ಬರುತ್ತದೆ.

ಸೋಮವಾರ, ಮಾರ್ಚ್ ೨

ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿದರು. ಗಂಟು ಕರಗಿದೆ. "ಈಗ ಮಾತಾಡಿ, ಮೆಲ್ಲಗೆ. ಮುಂದಿನ ವಾರ ಕೆಲಸಕ್ಕೂ ಹೋಗಿ. ಆದ್ರೆ ಮೈಕು ಹಿಡೀರಿ ಮಾರಾಯ್ರೇ" ಅಂದರು. ಮೊದಲ ಮಾತು ಏನಾಡಲಿ ಎಂದು ದಾರಿಯುದ್ದಕ್ಕೂ ಯೋಚಿಸುತ್ತಾ ಬಂದೆ. ಬಾಗಿಲು ತೆರೆದಾಗ ಇವಳು ಮೆಷಿನ್ ತುಳಿಯುತ್ತಾ ಗುನುಗುತ್ತಿದ್ದಳು, ಚಿಟಿಕೆ ಅವಳ ಪಾದದ ಪಕ್ಕ ಮಲಗಿತ್ತು. ತಲೆಯೆತ್ತಿ, "ಏನಂದ್ರು?" ಎಂದು ಕೇಳಿದಳು.

ಸ್ಲೇಟು ತೆಗೆದು, ಇನ್ನೂ ಸ್ವಲ್ಪ ದಿನ ಎಂದು ಬರೆದೆ.

ಯಾಕೆ ಹಾಗೆ ಬರೆದೆ? ಸುಳ್ಳು ಹೇಳುವಂಥದ್ದು ಏನಿತ್ತು? ಇವಳ ಮುಖದಲ್ಲಿ ಬೇಸರ ಹುಡುಕಿದೆ, ಕಾಣಲಿಲ್ಲ. "ಹೋಗ್ಲಿ ಬಿಡಿ, ಆತುರ ಏನಿದೆ" ಎಂದು ಮತ್ತೆ ಮೆಷಿನ್ ತುಳಿದಳು.

ಶುಕ್ರವಾರ, ಮಾರ್ಚ್ ೬

ಇವತ್ತೂ ಹೇಳಲಿಲ್ಲ. ಮನೆಯಲ್ಲಿ ಕಳ್ಳನ ಹಾಗೆ ಓಡಾಡುತ್ತಿದ್ದೇನೆ, ಕದ್ದದ್ದು ನನ್ನದೇ ಧ್ವನಿ.

ಸಂಜೆ ಚಿಟಿಕೆಯನ್ನು ತಿರುಗಾಡಿಸಲು ಕರೆದುಕೊಂಡು ಹೋದಾಗ, ಆಟದ ಮೈದಾನದ ಮೂಲೆಯಲ್ಲಿ ಯಾರೂ ಇರಲಿಲ್ಲ. ಮೆಲ್ಲಗೆ, ತೀರಾ ಮೆಲ್ಲಗೆ, "ಚಿಟಿಕೆ" ಅಂದೆ. ಅದು ನಿಂತಿತು. ಆ ನೆಟ್ಟಗಿನ ಕಿವಿ ನನ್ನ ಕಡೆ ತಿರುಗಿತು. ಬಾಲ ಆಡಿತು! ನನ್ನ ಧ್ವನಿಗೆ ಬಾಲ ಆಡಿಸಿತು. ಕಣ್ಣಲ್ಲಿ ನೀರು ಬಂತು ಎಂದರೆ ನಗಬೇಡಿ, ಯಾರಿದ್ದಾರೆ ನಗಲು. ಸಾಧ್ಯವಿದೆ. ನಾನು ಹೀಗೂ ಮಾತಾಡಬಲ್ಲೆ. ಹೀಗೇ ಇದ್ದುಬಿಟ್ಟರೆ ಇವಳು ಮೇಡಂಗೆ ಹೇಳಿದ್ದೂ ಸುಳ್ಳಾಗದು.

ಸೋಮವಾರ, ಮಾರ್ಚ್ ೯

ಕೆಲಸಕ್ಕೆ ಹೋಗಲೇಬೇಕಾದ್ದರಿಂದ ಬೆಳಗಿನ ತಿಂಡಿಯ ಹೊತ್ತಿಗೆ, "ಸ್ವಲ್ಪ ಉಪ್ಪು ಕೊಡು" ಅಂದೆ. ಮೆಲ್ಲಗೇ ಅಂದೆ. ಇವಳ ಕೈಯ ಚಮಚ ನಿಂತಿತು. "ಬಂತಾ?" ಅಂದಳು. "ಬಂತು" ಅಂದೆ. "ಒಳ್ಳೇದಾಯ್ತು" ಎಂದು ಉಪ್ಪಿನ ಡಬ್ಬಿ ಮುಂದಿಟ್ಟಳು. ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

ಮಾರುಕಟ್ಟೆಯಲ್ಲಿ ಮೈಕು ಹಿಡಿದೆ. "ಕಹಳೆಯಣ್ಣ ಪೀಪಿಯಾಗಿ ಬಂದ!" ಎಂದು ಹಿಂದಿನಿಂದ ಯಾರೋ ಕೂಗಿದರು. ನಕ್ಕೆ, ಮತ್ತೇನು ಮಾಡಲಿ. ಮೈಕು ಬದಿಗಿಟ್ಟು ಆಲೂಗೆಡ್ಡೆಯ ಬೆಲೆಯನ್ನು ಗಂಟಲಲ್ಲೇ ಒಮ್ಮೆ ಕೂಗಿದೆ. ಹಳೆಯ ಧ್ವನಿಯೇ ಬಂತು, ಇಡೀ ಅಂಗಳ ತಿರುಗಿ ನೋಡಿತು. ಎಷ್ಟು ಹಿತವಾಯಿತೆಂದರೆ!

ಮನೆಗೆ ಬಂದಾಗ ಮೆಷಿನ್ನಿನ ಸದ್ದು ಮಾತ್ರ ಇತ್ತು, ಹಾಡಿರಲಿಲ್ಲ. ಇವಳಿಗೆ ಶೀತವಾಗಿರಬೇಕು.

ಗುರುವಾರ, ಮಾರ್ಚ್ ೧೨

ಕೂಗಿದೆ.

ಕನ್ನಡಕ ಸಿಗಲಿಲ್ಲ. ಇಷ್ಟೇ ಕಾರಣ. ಭಾನುವಾರ ಮೇಡಂ ಬಂದು ನಾಯಿಯನ್ನು ನಮಗೇ ಒಪ್ಪಿಸುತ್ತಾರೆಂದು ಫೋನು ಬಂದಿತ್ತು, ಇವಳು ಸಂಭ್ರಮದಲ್ಲಿ ಮನೆಯೆಲ್ಲ ಜೋಡಿಸಿದ್ದಳು. ಮೇಜಿನ ಮೇಲೆ ಕನ್ನಡಕವಿರಲಿಲ್ಲ. ಮೊದಲು ಮೆಲ್ಲಗೇ ಕೇಳಿದೆ, ಆಣೆಮಾಡಿ ಹೇಳುತ್ತೇನೆ. "ಅಲ್ಲೇ ಎಲ್ಲೋ ಇರ್ಬೇಕು ನೋಡಿ" ಅಂದಳು. ಎಲ್ಲೋ ಎಂದರೆ ಎಲ್ಲಿ? ಆಮೇಲೆ ನನ್ನ ಬಾಯಿಂದ ಬಂದದ್ದನ್ನೆಲ್ಲ ಬರೆಯಲಾರೆ. "ನನ್ನ ವಸ್ತು ಮುಟ್ಟೋಕೆ ನಿನಗೆ ಹೇಳಿದ್ದು ಯಾರು" ಎಂಬುದರಿಂದ ಶುರುವಾಗಿ ಅವಳ ತವರಿನವರೆಗೂ ಹೋಯಿತು. ಒಂದು ತಿಂಗಳು ಕೂಡಿಟ್ಟದ್ದೆಲ್ಲ ಹೊರಬಂತು. ಮಾರುಕಟ್ಟೆಯ ಧ್ವನಿ, ನಾಲ್ಕು ಗೋಡೆಯೊಳಗೆ.

ಚಿಟಿಕೆ ಮೆಷಿನ್ನಿನ ಕೆಳಗೆ. ದಾರಿಯೆಲ್ಲ ಒದ್ದೆ.

ಇವಳು ನಾಯಿಯ ಹತ್ತಿರ ಓಡಲಿಲ್ಲ. ಮೊದಲು ಹೋಗಿ ಬೀದಿಯ ಕಡೆಯ ಕಿಟಕಿ ಮುಚ್ಚಿದಳು, ಚಿಲಕ ಹಾಕಿದಳು, ಪರದೆ ಎಳೆದಳು. ಆಮೇಲೆ ನೆಲ ಒರೆಸಲು ಬಟ್ಟೆ ತಂದಳು. ಯೋಚಿಸಿ ಮಾಡಿದ್ದಲ್ಲ, ಅವಳ ಕಾಲು ತಾನಾಗಿ ಅಲ್ಲಿಗೆ ನಡೆಯಿತು. ನಾನು ಕೂಗಿದಾಗಲೆಲ್ಲ ಅವಳು ಆ ಕಿಟಕಿ ಮುಚ್ಚಿರಬೇಕು, ಮದುವೆಯಾದಾಗಿನಿಂದ. ಧೂಳು ಬರುತ್ತದೆಂದು ಮುಚ್ಚುತ್ತಾಳೆ ಎಂದುಕೊಂಡಿದ್ದೆನೇ ಹೊರತು, ಯಾವಾಗ ಮುಚ್ಚುತ್ತಾಳೆ ಎಂದು ನೋಡಿರಲಿಲ್ಲ. ಕೂಗುವವನಿಗೆ ನೋಡಲು ಪುರುಸೊತ್ತೆಲ್ಲಿ?

ಕನ್ನಡಕ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಥೂ, ನನ್ನ ಜನ್ಮಕ್ಕಿಷ್ಟು.

ಶುಕ್ರವಾರ, ಮಾರ್ಚ್ ೧೩

ನಾನು ಕೋಣೆಯಲ್ಲಿದ್ದರೆ ಚಿಟಿಕೆ ತಿನ್ನುವುದಿಲ್ಲ. ತಟ್ಟೆಯನ್ನು ಮೆಷಿನ್ನಿನ ಕೆಳಗೆ ತಳ್ಳಿ ನಾನು ಅಂಗಳಕ್ಕೆ ಹೋಗಿ ನಿಂತೆ, ಆಗ ತಿಂದಿತು. ಸಂಜೆ ನೆಲದ ಮೇಲೆ ಮಲಗಿ ನೋಡಿದೆ, ನರ್ಸಮ್ಮನ ಹಾಗೆ ಬೆನ್ನು ಮಾಡಿ ಕುಳಿತೂ ನೋಡಿದೆ. "ಚಿಟಿಕೆ" ಎಂದು ಮೈದಾನದಲ್ಲಿ ಕರೆದ ಹಾಗೆಯೇ ಕರೆದೆ. ನಡುಗುವ ಸದ್ದು ಕೇಳಿಸಿತು, ಮೆಷಿನ್ನಿನ ತಳದ ತಗಡು ಅಲುಗುತ್ತಿತ್ತು.

ಹೆಂಡತಿ ನನ್ನ ಪಕ್ಕದಲ್ಲಿ ಬಂದು ಕುಳಿತಳು. ನನಗೆ ಸಮಾಧಾನ ಹೇಳಿದಳು! ನನಗೆ! "ಬೇಜಾರು ಮಾಡ್ಕೋಬೇಡಿ ರೀ. ಸರಿಹೋಗುತ್ತೆ. ಇನ್ನೊಂದೆರಡು ಸಲ ಕೂಗಿದ್ರೆ ಅದಕ್ಕೂ ಗೊತ್ತಾಗುತ್ತೆ, ಇವರು ಮನಸ್ಸಲ್ಲಿ ಏನೂ ಇಟ್ಕೊಳ್ಳಲ್ಲ, ಬಾಯಿ ಮಾತ್ರ ಜೋರು ಅಂತ. ಅಭ್ಯಾಸ ಆಗುತ್ತೆ."

"ಅಭ್ಯಾಸ ಆಗೋಕೆ ಎಷ್ಟು ದಿನ ಬೇಕು?" ಎಂದು ಕೇಳಿದೆ.

ಅವಳು ಎದ್ದು ಹೋದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ಆಗದ ಹಾಗೆ ಕೆಲಸ ಮಾಡುತ್ತಿದ್ದಳು. ಇವಳು ಯಾವಾಗಲೂ ಹೀಗೆಯೇ ಮಾಡುತ್ತಿದ್ದಳೇ? ಪಾತ್ರೆಗೆ ಪಾತ್ರೆ ತಾಗದ ಹಾಗೆ?

ಶನಿವಾರ, ಮಾರ್ಚ್ ೧೪

ಮಾರುಕಟ್ಟೆಯಿಂದ ಮೇಡಂಗೆ ಫೋನ್ ಮಾಡಿದೆ. ಕ್ಯಾರೆಟ್ ಮೂಟೆಗಳ ಹಿಂದೆ ನಿಂತು, ಯಾರಿಗೂ ಕೇಳಿಸದ ಹಾಗೆ. ನನ್ನ ಧ್ವನಿ ಅವರಿಗೆ ಗುರುತು ಸಿಗಲಿಲ್ಲ, ಕೇಳಿಯೇ ಇರಲಿಲ್ಲವಲ್ಲ.

"ಮೇಡಂ, ನಾಯಿನ ನಮಗೆ ಕೊಡಬೇಡಿ. ನಮ್ಮನೇಲಿ ಕೂಗಾಡೋರು ಒಬ್ಬರಿದ್ದಾರೆ."

"ಯಾರು ಸರ್?"

"ನಾನೇ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೇಳಿದ್ದು ಒಳ್ಳೇದಾಯ್ತು. ನಾಳೆ ನರ್ಸಮ್ಮನ್ನ ಕರ್ಕೊಂಡು ಬರ್ತೀನಿ" ಅಂದರು. ಆಮೇಲೆ ಕೇಳಿದರು, "ನಿಮ್ಮ ಮನೆಯವರಿಗೆ ಗೊತ್ತಾ?" ಇಲ್ಲ ಅಂದೆ.

ಮನೆಗೆ ಬಂದರೆ ಇವಳು ಚಿಟಿಕೆಗೆ ಹೊಸ ಹಾಸಿಗೆ ಹೊಲಿಯುತ್ತಿದ್ದಳು. ನನ್ನದೇ ಹಳೆಯ ಅಂಗಿಯ ಬಟ್ಟೆ. "ನಿಮ್ಮ ವಾಸನೆಗೆ ಬೇಗ ಹೊಂದಿಕೊಳ್ಳುತ್ತೆ" ಅಂದಳು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಇಡೀ ಮಾರುಕಟ್ಟೆಗೆ ಕೇಳುವಂತೆ ಕೂಗುವವನಿಗೆ ಒಬ್ಬಳಿಗೆ ಕೇಳುವಷ್ಟು ಧ್ವನಿ ಹೊರಡಲಿಲ್ಲ. ಹೇಡಿ.

ಭಾನುವಾರ, ಮಾರ್ಚ್ ೧೫

ಚಿಟಿಕೆ ಹೋಯಿತು.

ನರ್ಸಮ್ಮ ಅವತ್ತಿನ ಹಾಗೆಯೇ ಬೆನ್ನು ಮಾಡಿ ಕುಳಿತರು. ಈ ಸಲ ತಂದದ್ದು ಹೆಣಿಗೆಯ ಕೆಲಸ. ಹೆಂಡತಿ ಗೋಡೆಗೆ ಒರಗಿ, ಆಗಲಿ ನೋಡೋಣ ಎನ್ನುವಂತೆ ನಿಂತಿದ್ದಳು. ಮೇಡಂ ಬಾಗಿಲಲ್ಲೇ ಅವಳ ಕೈ ಹಿಡಿದು, ನರ್ಸಮ್ಮನಿಗೇ ಕೊಡುವುದೆಂದು ತೀರ್ಮಾನಿಸಿದ್ದೇವೆ ಎಂದಿದ್ದರು, ಕಾರಣ ಹೇಳಿರಲಿಲ್ಲ. ನಾನು ಅಂಗಳದಲ್ಲೇ ಇದ್ದೆ, ಕಿಟಕಿಯಿಂದ ಕಾಣುತ್ತಿತ್ತು. ತುಂಬಾ ಹೊತ್ತಾದ ಮೇಲೆ ಚಿಟಿಕೆ ಹೊರಗೆ ಬಂತು. ನರ್ಸಮ್ಮನ ಸೀರೆಯ ಅಂಚನ್ನು ಮೂಸಿತು. ಅವರು ಹೆಣೆಯುತ್ತಲೇ ಇದ್ದರು, ಕೈ ಚಾಚಲಿಲ್ಲ. ಅದು ಅವರ ಬೆನ್ನಿಗೆ ತನ್ನ ಬೆನ್ನು ಆನಿಸಿ ಕುಳಿತುಕೊಂಡಿತು. ಹೋಗುವಾಗ ಅವರ ತೋಳಿನಲ್ಲಿದ್ದ ಅದು ನನ್ನನ್ನು ನೋಡಿ ಮುಖ ಅತ್ತ ತಿರುಗಿಸಿತು. ಹಾಗೇ ಆಗಬೇಕು ನನಗೆ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಇವಳು ಕೇಳಿದಳು. "ಮೇಡಂಗೆ ಹೇಳಿದ್ದು ಯಾರು?"

"ನಾನು. ನಿನ್ನೆ ಫೋನ್ ಮಾಡಿದ್ದೆ."

"ಯಾಕೆ?"

"ಅದಕ್ಕೆ ಅಭ್ಯಾಸ ಆಗಬಾರದು ಅಂತ."

ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಅಳುತ್ತಾಳೆ ಅಂದುಕೊಂಡೆ. "ಬಂದು ಇನ್ನೂ ಎರಡು ತಿಂಗಳೂ ಆಗಿಲ್ಲ ಆ ನಾಯಿ," ಅಂದಳು. "ಅದಕ್ಕೆ ಅಭ್ಯಾಸ ಆಗಬಾರದು ಅಂತ ನಿಮಗೆ ಅನ್ನಿಸ್ತು. ಫೋನ್ ಮಾಡಿ ಅದನ್ನ ನಿಮ್ಮಿಂದ ಬಿಡಿಸಿ ಕಳಿಸಿದ್ರಿ. ನನಗೆ ಅಭ್ಯಾಸ ಆಗ್ತಾ ಇದ್ದಾಗ ನೀವು ಎಲ್ಲಿದ್ರಿ?"

ನಾನೆಲ್ಲಿದ್ದೆ? ಇಲ್ಲೇ ಇದ್ದೆ, ಇದೇ ಮನೆಯಲ್ಲಿ, ಕೂಗುತ್ತಾ.

"ಮೇಡಂಗೆ ಸುಳ್ಳು ಹೇಳ್ದೆ ನಾನು. ಯಾಕೆ ಗೊತ್ತಾ? ನಾಯಿ ಇದ್ರೆ, ಅದು ಹೆದರುತ್ತೆ ಅಂತಲಾದ್ರೂ ನೀವು ಹೀಗೇ ಇರ್ತೀರೇನೋ ಅಂತ. ಅಷ್ಟು ಸಣ್ಣ ಪ್ರಾಣಿನ ನನ್ನ ಮುಂದೆ ಅಡ್ಡ ಇಟ್ಕೊಂಡೆ. ನನಗೂ ನಾಚಿಕೆ ಆಗಬೇಕು." ಅವಳ ಧ್ವನಿ ಏರಿತು. ಇವಳಿಗೂ ಅಂಥ ಧ್ವನಿ ಇದೆ, ನನಗೆ ಗೊತ್ತೇ ಇರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು, ಅವಳು ಲೆಕ್ಕಿಸಲಿಲ್ಲ.

ಒಳಗೆ ಬಂದು ನೆಲದ ಮೇಲೆ ಕುಳಿತೆವು. ಅವಳು ಹೇಳತೊಡಗಿದಳು. ಮದುವೆಯಾದ ಹೊಸದರಲ್ಲಿ ಒಡೆದ ಒಂದು ಬಟ್ಟಲಿನಿಂದ ಶುರುಮಾಡಿದಳು. ನನಗೆ ಆ ಬಟ್ಟಲೇ ನೆನಪಿಲ್ಲ, ಅವಳಿಗೆ ಅದರ ಅಂಚಿನ ಬಣ್ಣವೂ ನೆನಪಿದೆ. ಮಗಳು ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದ ಸಂಜೆ, ನೆಂಟರ ಮುಂದೆ ಊಟದ ತಟ್ಟೆ ತಳ್ಳಿದ್ದು, ಮಗಳು ಬಾಗಿಲಿನಿಂದ ಒಳಗೆ ಬರುವುದನ್ನು ಬಿಟ್ಟದ್ದು ಯಾವಾಗಿನಿಂದ ಎಂಬುದು. ಒಂದೊಂದಕ್ಕೂ ನನ್ನ ಹತ್ತಿರ ಉತ್ತರವಿತ್ತು. ನಾಲಿಗೆಯ ತುದಿಗೆ ಬಂದ ಉತ್ತರಗಳನ್ನೆಲ್ಲ ನುಂಗಿಕೊಂಡು ಕುಳಿತೆ. ಎಷ್ಟು ಅಲ್ಪ ಉತ್ತರಗಳು ಅವು.

ನಡುವೆ ಒಮ್ಮೆ ನನಗೆ ಗಂಟಲು ಕೆರೆದು ಜೋರಾಗಿ ಕೆಮ್ಮು ಬಂತು. ಅವಳು ಬೆಚ್ಚಿಬಿದ್ದು, ಅರ್ಧ ಮಾತಿನಲ್ಲೇ ನಿಲ್ಲಿಸಿ, ಗೋಡೆಯ ಕಡೆ ಸರಿದಳು.

"ಕೆಮ್ಮು ಅಷ್ಟೇ. ನೀನು ಹೇಳು" ಅಂದೆ.

ಕೆಮ್ಮೇ ಹೌದೋ ಅಲ್ಲವೋ ಎಂದು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಆಮೇಲೆ ಮತ್ತೆ ಶುರುಮಾಡಿದಳು.